ಸೂಪರ್ ವೈಡ್-ಹೆಲಿಯರ್ ೧೫ ಮಿ.ಮೀ.

ಸೂಪರ್ ವೈಡ್-ಹೆಲಿಯರ್ ೧೫ ಮಿ.ಮೀ. ಎಂಬುದು ರೇಂಜ್‌ಫೈಂಡರ್ ಕ್ಯಾಮೆರಾಗಳಿಗಾಗಿ ಜಪಾನಿನ ಕೊಸಿನಾ ಸಂಸ್ಥೆಯು ೧೯೯೯ರಲ್ಲಿ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಹೊರತಂದ ವಿಶಾಲಕೋನ ಮಸೂರ. ೩೫ ಮಿ.ಮೀ. ಫಿಲ್ಮಿನ ಮೇಲೆ ಇದರ ದೃಷ್ಟಿಕೋನ ಸುಮಾರು ೧೧೦ ಡಿಗ್ರಿ.

ರಚನೆ

ಎಸ್‌ಎಲ್‌ಆರ್ ಕ್ಯಾಮೆರಾದೊಳಗಿನ ಕನ್ನಡಿ ರೇಂಜ್‌ಫೈಂಡರಿನಲ್ಲಿ ಇರುವುದಿಲ್ಲ. ಆದ್ದರಿಂದ ಮಸೂರದ ಹಿಂಬದಿಯನ್ನು ಫಿಲ್ಮಿಗೆ ತೀರ ಸಮೀಪದಲ್ಲಿ ಇರಿಸಬಹುದು. ಮಸೂರವು ಇಷ್ಟು ಚಿಕ್ಕದಾಗಿರಲು ಇದೇ ಮುಖ್ಯ ಕಾರಣ.

ಡಿಜಿಟಲ್ ಕ್ಯಾಮೆರಾಗಳಲ್ಲಿ

ಈ ಸಾಮೀಪ್ಯವೇ ಡಿಜಿಟಲ್ ಸಂವೇದಕಕ್ಕೆ ತೊಡಕಾಯಿತು. ಅಂಚುಗಳಲ್ಲಿ ಬೆಳಕಿನ ಕಿರಣಗಳು ಬಹಳ ಓರೆಯಾಗಿ ಬೀಳುವುದರಿಂದ ಚಿತ್ರದ ಮೂಲೆಗಳು ಕಪ್ಪಾಗಿ, ಕೆನ್ನೇರಳೆ ಛಾಯೆ ಪಡೆಯುತ್ತವೆ. ಲೈಕಾ ಎಂ೮ (೨೦೦೬) ಕ್ಯಾಮೆರಾದ ಸಂವೇದಕ ಚಿಕ್ಕದು. ಅಂಚುಗಳು ಹೊರಗುಳಿಯುವುದರಿಂದ ದೋಷ ತಗ್ಗುತ್ತದೆ, ಆದರೆ ಮಸೂರವು ೨೦ ಮಿ.ಮೀ. ಮಸೂರದಷ್ಟೇ ವಿಸ್ತಾರವನ್ನು ತೋರುತ್ತದೆ. ಪೂರ್ಣ ಚೌಕಟ್ಟಿನ ಎಂ೯ (೨೦೦೯) ಕ್ಯಾಮೆರಾದಲ್ಲಿ ವಿಸ್ತಾರದೊಡನೆ ದೋಷವೂ ಮರಳಿತು. ೨೦೧೫ರ ಮೂರನೆಯ ಆವೃತ್ತಿಯಲ್ಲಿ ಮಸೂರವನ್ನು ಸಂವೇದಕಕ್ಕೆ ಹೊಂದುವಂತೆ ಮರುರೂಪಿಸಲಾಯಿತು. ಛಾಯೆ ಬಹುಮಟ್ಟಿಗೆ ನೀಗಿತಾದರೂ ಗಾತ್ರ ಮತ್ತು ತೂಕ ಹೆಚ್ಚಿದವು.

ಬಳಕೆ

ಮೊದಲ ಆವೃತ್ತಿಯು ಕ್ಯಾಮೆರಾದ ದೂರಮಾಪಕಕ್ಕೆ ಜೋಡಣೆಯಾಗುವುದಿಲ್ಲ. ದೂರವನ್ನು ಅಂದಾಜಿನಿಂದ ಹೊಂದಿಸಬೇಕು. ಪೂರ್ಣ ಚೌಕಟ್ಟಿನಲ್ಲಿ ಎಫ್/೮ ದ್ಯುತಿರಂಧ್ರವಿಟ್ಟು ೧ ಮೀಟರಿಗೆ ಹೊಂದಿಸಿದರೆ ಸುಮಾರು ಅರ್ಧ ಮೀಟರಿನಿಂದ ಅನಂತದವರೆಗೆ ದೃಶ್ಯ ಸ್ಪಷ್ಟವಾಗಿ ಮೂಡುತ್ತದೆ. ಚೌಕಟ್ಟನ್ನು ನೋಡಲು ಕ್ಯಾಮೆರಾದ ಮೇಲೆ ಪ್ರತ್ಯೇಕ ವ್ಯೂಫೈಂಡರ್ ಅಳವಡಿಸುತ್ತಾರೆ. ಹಳೆಯ ಆವೃತ್ತಿಗಳ ಛಾಯೆಯನ್ನು ತಂತ್ರಾಂಶದಿಂದ ಸರಿಪಡಿಸಬಹುದು. ಕಪ್ಪು-ಬಿಳುಪು ಚಿತ್ರಗಳಲ್ಲಿ ಅದು ಬಾಧಿಸುವುದಿಲ್ಲ.