ದೂರದ ಗುಮಾಸ್ತ

ತಾಲ್ಲೂಕು ಕೇಂದ್ರವೊಂದರಲ್ಲಿ ವಕೀಲಿ ವೃತ್ತಿ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದರು. ಅವರದು ಚಿಕ್ಕ ಕಚೇರಿ. ಬಹುಕಾಲ ದುಡಿದ ಗುಮಾಸ್ತರು ವಯಸ್ಸಾಗಿ ಬಿಟ್ಟ ಮೇಲೆ ಆ ಜಾಗಕ್ಕೆ ತಕ್ಕವರು ಸಿಗಲಿಲ್ಲವಂತೆ. ಕೊನೆಗೆ, ಬೇರೊಂದು ಜಿಲ್ಲೆಯಲ್ಲಿದ್ದು ಮನೆಯಿಂದಲೇ ಕೆಲಸ ಮಾಡಬಲ್ಲ ಪದವೀಧರೆಯೊಬ್ಬರನ್ನು ಗಣಕಯಂತ್ರ ಮತ್ತು ದೂರವಾಣಿಗಳ ನೆರವಿನಿಂದಲೇ ನೇಮಿಸಿಕೊಳ್ಳುವ ಯೋಚನೆ ಅವರಿಗೆ ಬಂದಿದೆ. ಹಿರಿಯ ವಕೀಲರೊಬ್ಬರು ಮಾತ್ರ, "ಕಕ್ಷಿದಾರರ ಮನೆಯ ಗುಟ್ಟನ್ನು ನೀನು ಕಣ್ಣಿನಿಂದ ಕಾಣದವರ ಕೈಗೆ ಕೊಡುತ್ತೀಯಾ?" ಎಂದು ಆಕ್ಷೇಪಿಸಿದರಂತೆ. "ಮೇಷ್ಟ್ರೆ, ಇದಕ್ಕೆ ಇತಿಹಾಸದಲ್ಲಿ ಏನಾದರೂ ಉತ್ತರವಿದೆಯೇ?" ಎಂಬುದು ಪ್ರಶ್ನೆ. ನಾನು ಕಾನೂನನ್ನು ಓದಿದವನಲ್ಲ. ಆದರೆ ಕೇಳಿರುವುದು ಇತಿಹಾಸವನ್ನು. ಆದುದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಪದಗಳಿಂದ ಆರಂಭಿಸೋಣ. 'ಗುಮಾಸ್ತ' ಎಂಬುದು ಪಾರಸಿಯಿಂದ ಬಂದ ಮಾತು. 'ನಿಯೋಜಿತನಾದವನು, ಒಡೆಯನ ಪರವಾಗಿ ಕಳುಹಿಸಲ್ಪಟ್ಟವನು' ಎಂಬುದು ಅದರ ಅರ್ಥ. ಹದಿನೆಂಟನೆಯ ಶತಮಾನದ ಬಂಗಾಳದಲ್ಲಿ ನೇಕಾರರ ಮೇಲ್ವಿಚಾರಣೆಗೆ ಈಸ್ಟ್ ಇಂಡಿಯಾ ಕಂಪನಿಯು ನೇಮಿಸುತ್ತಿದ್ದ ಗುಮಾಸ್ತರ ವಿಷಯವನ್ನು ನೀವು ತರಗತಿಯಲ್ಲಿ ಓದಿರುವುದು ನೆನಪಿರಬಹುದು. ಅವರು ಒಡೆಯನ ಪಕ್ಕದ ಮೇಜಿನಲ್ಲಿ ಕುಳಿತು ಬರೆಯುತ್ತಿದ್ದವರಲ್ಲ. ಒಡೆಯನಿಲ್ಲದ ಊರಿನಲ್ಲಿ ಅವನ ಕೆಲಸ ಮಾಡುತ್ತಿದ್ದವರು. 'ವಕೀಲ' ಎಂಬ ಅರಬ್ಬಿ ಮೂಲದ ಪದಕ್ಕೂ 'ಹೊಣೆ ಒಪ್ಪಿಸಲ್ಪಟ್ಟವನು' ಎಂದೇ ಅರ್ಥ. ಹಿಂದೆ ಒಬ್ಬ ಅರಸನು ಇನ್ನೊಬ್ಬ ಅರಸನ ಬಳಿಗೆ ಕಳುಹಿಸುತ್ತಿದ್ದ ಪ್ರತಿನಿಧಿಯನ್ನೂ ವಕೀಲನೆಂದೇ ಕರೆಯುತ್ತಿದ್ದರು. 1792ರಲ್ಲಿ ಟಿಪ್ಪು ಸುಲ್ತಾನನ ಇಬ್ಬರು ಪುತ್ರರನ್ನು ಒತ್ತೆಯಾಗಿ ಲಾರ್ಡ್ ಕಾರ್ನ್‌ವಾಲಿಸನಿಗೆ ಒಪ್ಪಿಸಿದಾಗ ಅವರೊಡನೆ ಹೋದ ಗುಲಾಂ ಅಲಿಯು ಇಂತಹ ವಕೀಲ. ಎಂದಮೇಲೆ, ಎರಡು ಪದಗಳ ಹುಟ್ಟಿನಲ್ಲಿಯೂ ದೂರವೆಂಬುದು ಅಡಗಿದೆ.

ಅದೇ ಕಾರ್ನ್‌ವಾಲಿಸನು ಮರುವರ್ಷ, ಎಂದರೆ 1793ರಲ್ಲಿ, ಬಂಗಾಳದ ಏಳನೆಯ ರೆಗ್ಯುಲೇಷನ್ ಮೂಲಕ ದಿವಾನಿ ಅದಾಲತುಗಳ ವಕೀಲರಿಗೆ ಸನದು, ಗೊತ್ತಾದ ಶುಲ್ಕ ಮತ್ತು ನಡವಳಿಕೆಯ ಕಟ್ಟುಪಾಡುಗಳನ್ನು ವಿಧಿಸಿದನು. ನ್ಯಾಯಾಲಯವು ಹೀಗೆ ಕಾಗದಪತ್ರಗಳ ಮೇಲೆ ನಿಂತ ಬಳಿಕ ಬರೆಯುವವನ ಅಗತ್ಯ ಬೆಳೆಯಿತು. ವಾದವೇನೋ ವಕೀಲರದು. ಫಿರ್ಯಾದಿನ ಶುದ್ಧಪ್ರತಿ ತೆಗೆಯುವುದು, ಛಾಪಾಕಾಗದ ತರುವುದು, ನಕಲಿಗೆ ಅರ್ಜಿ ಹಾಕುವುದು, ವಾಯಿದೆಯ ತಾರೀಖನ್ನು ಡೈರಿಯಲ್ಲಿ ಬರೆದಿಡುವುದು, ಹಳ್ಳಿಯಿಂದ ಬಂದ ಕಕ್ಷಿದಾರನಿಗೆ ಧೈರ್ಯ ಹೇಳುವುದು, ಇವೆಲ್ಲವೂ ಗುಮಾಸ್ತನ ಪಾಲು. ನಾವಿಂದು ಫೈಲಿಗೆ ಹೇಳುವ 'ಕಡತ' ಎಂಬ ಮಾತಾದರೂ ಏನು? ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವದು. ಬಟ್ಟೆ ಹೋಗಿ ಕಾಗದ ಬಂದರೂ ಹೆಸರು ಉಳಿಯಿತು. ಈಗ ಕಾಗದವೂ ಹೋಗುತ್ತಿದೆ. ಹೆಸರು ಇನ್ನೂ ಇದೆ.

ಕಚೇರಿಯ ಬರವಣಿಗೆಯನ್ನು ಕಚೇರಿಯ ಹೊರಗೆ ಮಾಡಿಸುವ ಪದ್ಧತಿಯೂ ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಚಾನ್ಸರಿ ಲೇನ್ ಆಸುಪಾಸಿನಲ್ಲಿ ಕಾನೂನು ಲೇಖನಸಾಮಗ್ರಿಯ ವ್ಯಾಪಾರಿಗಳಿದ್ದರು. ಸಾಲಿಸಿಟರುಗಳು ತಮ್ಮ ಗುಮಾಸ್ತರಿಂದ ಮುಗಿಯದ ನಕಲಿನ ಕೆಲಸವನ್ನು ಇವರಿಗೆ ಒಪ್ಪಿಸುವರು. ಇವರು ಅದನ್ನು ಬಾಡಿಗೆಯ ಕೋಣೆಗಳಲ್ಲಿ ವಾಸಿಸುತ್ತಿದ್ದ ಬಡ ಬರಹಗಾರರಿಗೆ ಹಂಚುವರು. ಕೂಲಿಯು ಪದಗಳ ಎಣಿಕೆಯ ಮೇಲೆ. ರಾತ್ರಿಯೆಲ್ಲ ಮೇಣದಬತ್ತಿಯ ಬೆಳಕಿನಲ್ಲಿ ಬರೆದವನ ಹೆಸರು ಸಾಲಿಸಿಟರಿಗೆ ತಿಳಿಯುತ್ತಲೇ ಇರಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ, 1827ರಲ್ಲಿ, ವಕೀಲರ ಕಚೇರಿಯೊಂದರಲ್ಲಿ ಕಿರಿಯ ಗುಮಾಸ್ತನಾಗಿ ಸೇರಿದ ಚಾರ್ಲ್ಸ್ ಡಿಕನ್ಸನಿಗೆ ಈ ಲೋಕದ ಪರಿಚಯವಿತ್ತು. ಅವನ 'ಬ್ಲೀಕ್ ಹೌಸ್' ಕಾದಂಬರಿಯಲ್ಲಿ ಇಂತಹ ಒಬ್ಬ ಬರಹಗಾರನು ಬರುತ್ತಾನೆ. ಅವನು ಇಟ್ಟುಕೊಂಡ ಹೆಸರು ನೀಮೋ, ಲ್ಯಾಟಿನ್ನಿನಲ್ಲಿ 'ಯಾರೂ ಅಲ್ಲ' ಎಂದು ಅದರ ಅರ್ಥ. ದೂರದಿಂದ ದುಡಿಸಿಕೊಳ್ಳುವ ವ್ಯವಸ್ಥೆಯಲ್ಲಿ ಇರುವ ಒಂದು ಅಪಾಯವನ್ನು ಆ ಹೆಸರೇ ಹೇಳುತ್ತದೆ.

ಬಳಿಕ ಯಂತ್ರಗಳು ಬಂದವು. 1837ರಲ್ಲಿ ಐಸಾಕ್ ಪಿಟ್ಮನ್ ತನ್ನ ಶೀಘ್ರಲಿಪಿಯನ್ನು ಪ್ರಕಟಿಸಿದನು. 1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಾರ್ಖಾನೆಯಿಂದ ಬೆರಳಚ್ಚು ಯಂತ್ರವು ಮಾರುಕಟ್ಟೆಗೆ ಬಂದಿತು. ನಮ್ಮ ದೇಶದಲ್ಲಿ ತಯಾರಾದ ಮೊದಲ ಯಂತ್ರವು 1955ರ ಗೋದ್ರೇಜ್. ಕೆ. ಅನಂತಸುಬ್ಬರಾಯರ ಪರಿಶ್ರಮದಿಂದ ಕನ್ನಡಕ್ಕೂ ಕೀಲಿಮಣೆ ದೊರೆಯಿತು. ಊರೂರಿನಲ್ಲಿ ಟೈಪಿಂಗ್ ಶಾಲೆಗಳು ಎದ್ದವು. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾದ ಹುಡುಗ ಹುಡುಗಿಯರಿಗೆ ಅನ್ನದ ದಾರಿಯಾಯಿತು. ಕೋರ್ಟಿನ ಎದುರಿನ ಮರದ ನೆರಳಿನಲ್ಲಿ ಯಂತ್ರವಿಟ್ಟುಕೊಂಡು ಪುಟಕ್ಕಿಷ್ಟೆಂದು ಅರ್ಜಿ ಟೈಪು ಮಾಡಿಕೊಡುತ್ತಿದ್ದವರನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅವರು ಯಾವ ವಕೀಲರ ನೌಕರರೂ ಅಲ್ಲ. ಆದರೂ ಊರಿನ ಆಸ್ತಿಜಗಳ, ಜೀವನಾಂಶದ ದಾವೆ, ಸಾಲದ ಪತ್ರ, ಎಲ್ಲವೂ ಅವರ ಬೆರಳುಗಳ ಕೆಳಗೆ ಹಾದುಹೋಗುತ್ತಿದ್ದವು. ಕಕ್ಷಿದಾರರ ಗುಟ್ಟು ಹೊರಗಿನವರ ಕೈಗೆ ಹೋಗುವುದು ಇದೇ ಮೊದಲೇನಲ್ಲ ಎಂಬುದನ್ನು ಆಕ್ಷೇಪಿಸಿದ ಹಿರಿಯರು ಗಮನಿಸಬೇಕು.

ಹಾಗೆಂದು ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 126ನೆಯ ಪ್ರಕರಣವು, ಕಕ್ಷಿದಾರನು ತನ್ನ ವಕೀಲನಿಗೆ ಹೇಳಿದ ಮಾತನ್ನು ಅವನ ಒಪ್ಪಿಗೆಯಿಲ್ಲದೆ ಬಯಲುಮಾಡಬಾರದೆಂದು ವಿಧಿಸಿತು. ಕಾನೂನುಬಾಹಿರ ಉದ್ದೇಶಕ್ಕಾಗಿ ಆಡಿದ ಮಾತಿಗೆ ಆ ರಕ್ಷಣೆಯಿಲ್ಲ. ಅದರ ಮುಂದಿನ 127ನೆಯ ಪ್ರಕರಣವು ಇದೇ ನಿಯಮವನ್ನು ವಕೀಲರ ದುಭಾಷಿಗಳಿಗೂ, ಗುಮಾಸ್ತರಿಗೂ, ಸೇವಕರಿಗೂ ವಿಸ್ತರಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ 2023ರಲ್ಲಿಯೂ, ಅದರ 132ನೆಯ ಪ್ರಕರಣದಲ್ಲಿ, ದುಭಾಷಿಗಳು, ಗುಮಾಸ್ತರು ಮತ್ತು ನೌಕರರು ಸೇರಿದ್ದಾರೆ. ನೂರೈವತ್ತು ವರ್ಷಗಳಿಂದ ಈ ದೇಶದ ಕಾನೂನು ಗುಮಾಸ್ತನನ್ನು ಗುಟ್ಟಿನ ಪಾಲುದಾರನೆಂದು ಗುರುತಿಸಿದೆ. ಅವನು ಎಷ್ಟು ಗಾವುದ ದೂರದಲ್ಲಿ ಕುಳಿತಿದ್ದಾನೆಂದು ಈ ಪ್ರಕರಣಗಳು ಕೇಳುವುದಿಲ್ಲ. ಯಾರ ಗುಮಾಸ್ತ ಎಂದಷ್ಟೇ ನೋಡುತ್ತವೆ.

ದೂರವನ್ನು ಅಳೆದ ನಿಯಮವೂ ಇಲ್ಲದಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್ ಆಗಿ ನೋಂದಾಯಿಸಿಕೊಳ್ಳುವವರು ನ್ಯಾಯಾಲಯ ಭವನದಿಂದ 16 ಕಿಲೋಮೀಟರ್ ಒಳಗೆ ಕಚೇರಿ ಹೊಂದಿರಬೇಕು ಮತ್ತು ಒಂದು ತಿಂಗಳೊಳಗೆ ನೋಂದಾಯಿತ ಗುಮಾಸ್ತರೊಬ್ಬರನ್ನು ನೇಮಿಸಿಕೊಳ್ಳಲು ಒಪ್ಪಿ ಬರೆದುಕೊಡಬೇಕೆಂದು 1966ರ ನಿಯಮಾವಳಿಯು ಹೇಳಿತು; 2013ರ ನಿಯಮಾವಳಿಯು ಅದನ್ನು ಉಳಿಸಿಕೊಂಡಿತು. ಕಾಗದವು ಕಾಲ್ನಡಿಗೆಯಲ್ಲಿ ಹೋಗಬೇಕಾಗಿದ್ದ ಕಾಲದ ವಿವೇಕವದು. ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 1956ರ ಏಕೀಕರಣದ ಬಳಿಕ ಬೀದರಿನ ಕಕ್ಷಿದಾರನು ಉಚ್ಚ ನ್ಯಾಯಾಲಯಕ್ಕಾಗಿ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಬರಬೇಕಾಗಿತ್ತು. ಊರಿನ ವಕೀಲರು ಕಟ್ಟನ್ನು ಅಂಚೆಯಲ್ಲಿ ಕಳುಹಿಸುವರು. ಅಠಾರಾ ಕಚೇರಿಯ ವಕೀಲರ ಗುಮಾಸ್ತರು ಮುಂದಿನ ತಾರೀಖನ್ನು ಕಾರ್ಡಿನಲ್ಲಿ ಬರೆದು ತಿಳಿಸುವರು. 2008ರ ಜುಲೈಯಲ್ಲಿ ಧಾರವಾಡ ಮತ್ತು ಗುಲ್ಬರ್ಗಾಗಳಲ್ಲಿ ಸಂಚಾರಿ ಪೀಠಗಳು ಆರಂಭವಾಗುವವರೆಗೆ, 2013ರಲ್ಲಿ ಅವು ಶಾಶ್ವತವಾಗುವ ಮುನ್ನ, ಉತ್ತರ ಕರ್ನಾಟಕದ ಎಷ್ಟೋ ಸಣ್ಣ ಕಚೇರಿಗಳು ನಡೆದದ್ದು ಹೀಗೆ, ಮುಖ ಕಾಣದ ಗುಮಾಸ್ತರ ಪ್ರಾಮಾಣಿಕತೆಯ ಮೇಲೆ.

ಇನ್ನು ಈ ಕಥೆಗೆ ಒಂದು ವಿಚಿತ್ರ ತಿರುವು. ಬ್ರಿಟಿಷರ ಕಾನೂನನ್ನು ನಕಲುಮಾಡುತ್ತಿದ್ದ ದೇಶಕ್ಕೆ 1990ರ ದಶಕದಿಂದ ಅಮೆರಿಕದ ವಕೀಲರೇ ಕೆಲಸ ಕಳುಹಿಸತೊಡಗಿದರು. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ಅಲ್ಲಿನ ಸಂಬಳದ ಒಂದು ಪಾಲಿನಲ್ಲಿ ಇಲ್ಲಿ ಇಂಗ್ಲಿಷ್ ಬಲ್ಲ ಪದವೀಧರರು. 2008ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ತನ್ನ 08-451ನೆಯ ಅಭಿಪ್ರಾಯದಲ್ಲಿ, ಹೀಗೆ ಹೊರಗೆ ಕೆಲಸ ಮಾಡಿಸುವುದು ತಪ್ಪಲ್ಲ, ಆದರೆ ಮೇಲ್ವಿಚಾರಣೆ, ಗೌಪ್ಯತೆ ಮತ್ತು ಕೆಲಸದ ಗುಣಕ್ಕೆ ವಕೀಲನೇ ಹೊಣೆ ಎಂದು ಸ್ಪಷ್ಟಪಡಿಸಿತು. ನಮ್ಮ ಸುಪ್ರೀಂ ಕೋರ್ಟ್ ಸಹ 2018ರ ಎ.ಕೆ. ಬಾಲಾಜಿ ಪ್ರಕರಣದಲ್ಲಿ, ಇಂತಹ ಸೇವಾಸಂಸ್ಥೆಗಳ ಕೆಲಸವು ಸಾರದಲ್ಲಿ ವಕೀಲಿ ವೃತ್ತಿಯೇ ಆಗದಿದ್ದರೆ ವಕೀಲರ ಅಧಿನಿಯಮಕ್ಕೆ ವಿರುದ್ಧವಲ್ಲವೆಂದಿತು. ಪರದೇಶದ ವಕೀಲರ ಕಾಗದಗಳನ್ನು ಬೆಂಗಳೂರಿನಲ್ಲಿ ಕುಳಿತು ಜೋಡಿಸಬಹುದಾದರೆ, ಪಕ್ಕದ ಜಿಲ್ಲೆಯವರ ಕಾಗದವನ್ನು ಜೋಡಿಸಲು ಅಡ್ಡಿಯೇನು?

ಇತ್ತ ನ್ಯಾಯಾಲಯವೂ ಬದಲಾಯಿತು. 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯ ಫಲವಾಗಿ ಪ್ರತಿಯೊಂದು ಮೊಕದ್ದಮೆಗೂ ಹದಿನಾರು ಅಕ್ಷರಾಂಕಗಳ ಸಿಎನ್ಆರ್ ಸಂಖ್ಯೆ ದೊರೆಯಿತು. ಗುಮಾಸ್ತನು ಫಲಕದ ಮುಂದೆ ನಿಂತು ಬರೆದುಕೊಳ್ಳುತ್ತಿದ್ದ ತಾರೀಖು ಈಗ ಅಂಗೈಯ ಫೋನಿನಲ್ಲಿ ಕಾಣುತ್ತದೆ. 2020ರ ಕೋವಿಡ್ ದಿನಗಳಲ್ಲಿ ವಿಚಾರಣೆಗಳೇ ಪರದೆಯ ಮೇಲೆ ನಡೆದವು. ನ್ಯಾಯಾಧೀಶರೂ ವಕೀಲರೂ ದೂರದಿಂದ ಕೆಲಸ ಮಾಡಬಹುದಾದ ಮೇಲೆ ಗುಮಾಸ್ತರಿಗೆ ಮಾತ್ರ ಹೊಸ್ತಿಲು ಕಡ್ಡಾಯವೆನ್ನುವುದು ನ್ಯಾಯವಲ್ಲ.

ಆದರೂ ಎಲ್ಲವನ್ನೂ ದೂರಕ್ಕೆ ಒಪ್ಪಿಸಲಾಗದು. ತಾರೀಖು ನೋಡುವುದು, ಕಕ್ಷಿದಾರರಿಗೆ ನೆನಪಿಸುವುದು, ವಕೀಲರು ಹೇಳಿದ್ದನ್ನು ಅಕ್ಷರಕ್ಕಿಳಿಸುವುದು, ಶುಲ್ಕದ ಲೆಕ್ಕ ಬರೆಯುವುದು, ಸ್ಕ್ಯಾನ್ ಮಾಡಿದ ಹಾಳೆಗಳನ್ನು ಜೋಡಿಸುವುದು, ಇಷ್ಟನ್ನು ದೂರದಿಂದ ಮಾಡಬಹುದು. ಶಿರಸ್ತೇದಾರರ ಬಳಿ ಆಕ್ಷೇಪಣೆ ಸರಿಪಡಿಸುವುದು, ಮೂಲಪತ್ರ ಹಾಜರುಪಡಿಸುವುದು, ನಕಲು ಪಡೆಯುವುದು ಮುಂತಾದವುಗಳಿಗೆ ಊರಿನಲ್ಲಿ ಕಾಲುಳ್ಳ ಮನುಷ್ಯರೇ ಬೇಕು. ಕಾನೂನಿನ ಸಲಹೆಯನ್ನಂತೂ ಗುಮಾಸ್ತರು ಹತ್ತಿರದಿಂದಲೂ ಕೊಡಬಾರದು, ದೂರದಿಂದಲೂ ಕೊಡಬಾರದು. ನಿವೃತ್ತರಾದ ಆ ಹಳೆಯ ಗುಮಾಸ್ತರಿಂದ ತಿಂಗಳೊಪ್ಪತ್ತು ಹೊಸಬರಿಗೆ ಪಾಠ ಹೇಳಿಸಿ, ಅದಕ್ಕೆ ಸಂಭಾವನೆ ಕೊಡುವುದು ಒಳ್ಳೆಯದು. ಯಾವ ಕಕ್ಷಿದಾರನು ಯಾವ ಸಂತೆಯ ದಿನ ಸಿಗುತ್ತಾನೆ, ಯಾವ ಅಣ್ಣತಮ್ಮಂದಿರಿಗೆ ಒಂದೇ ಹೊತ್ತಿಗೆ ಬರಹೇಳಬಾರದು ಎಂಬ ತಿಳಿವಳಿಕೆ ಯಾವ ಗಣಕಯಂತ್ರದಲ್ಲಿಯೂ ಇಲ್ಲ.

ಗೌಪ್ಯತೆಯ ವಿಷಯದಲ್ಲಿ ಹಳೆಯ ಎಚ್ಚರಿಕೆಯನ್ನೇ ಹೊಸ ರೂಪದಲ್ಲಿ ಹೇಳಬೇಕಾಗಿದೆ. ಸಹಿ ಮಾಡಿದ ಖಾಲಿ ಕಾಗದವನ್ನು ಗುಮಾಸ್ತನ ಕೈಗೆ ಕೊಡಬಾರದೆಂದು ಹಿಂದಿನವರು ಹೇಳುತ್ತಿದ್ದರು; ಇ-ಫೈಲಿಂಗ್ ಖಾತೆಯ ಗುಪ್ತಪದವೂ, ಡಿಜಿಟಲ್ ಸಹಿಯೂ ಇಂದಿನ ಖಾಲಿ ಕಾಗದಗಳು. ಒಬ್ಬರಿಗೆ ಬೇಕಾದ ಕಡತವನ್ನಷ್ಟೇ ತೆರೆದುಕೊಡಬೇಕು. ನೇಮಕಾತಿಯನ್ನು ಬರಹದಲ್ಲಿ ಮಾಡಬೇಕು. ಸಂಸ್ಥೆಯೊಂದರ ಮೂಲಕ ಬಂದ ಹಂಗಾಮಿ ಸಹಾಯಕರು 132ನೆಯ ಪ್ರಕರಣದ 'ಗುಮಾಸ್ತರು, ನೌಕರರು' ಎಂಬ ಮಾತಿನೊಳಗೆ ಬರುತ್ತಾರೆಯೇ ಎಂಬುದು ವಾದಕ್ಕೆ ಎಡೆಯುಳ್ಳದ್ದು, ಆದುದರಿಂದ ನೇರ ನೇಮಕವೇ ಲೇಸು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ, ಮಾಹಿತಿಯನ್ನು ಬೇರೆಯವರಿಂದ ಸಂಸ್ಕರಿಸಿದರೂ ಹೊಣೆಯು ಒಪ್ಪಿಸಿದವನದೇ ಎಂದು ಹೇಳುತ್ತದೆ.

ನನ್ನ ವಿದ್ಯಾರ್ಥಿಗೆ ಇತಿಹಾಸವು ಕೊಡುವ ಉತ್ತರ ಇಷ್ಟು. ದೂರವು ದೋಷವಲ್ಲ, ಹತ್ತಿರವು ಗುಣವೂ ಅಲ್ಲ. ಕೋರ್ಟಿನ ಅಂಗಳದ ಚಹಾದಂಗಡಿಯಲ್ಲಿ ಗುಟ್ಟು ಬಿಟ್ಟುಕೊಟ್ಟ ಹತ್ತಿರದವರೂ ಇದ್ದರು. ಬೀದರಿನ ಕಟ್ಟನ್ನು ಬೆಂಗಳೂರಿನಲ್ಲಿ ಜೋಪಾನ ಮಾಡಿದ ದೂರದವರೂ ಇದ್ದರು. ಹೊಣೆಯನ್ನು ತಾನು ಹೊತ್ತು ಕೆಲಸವನ್ನು ಹಂಚಿದ ವಕೀಲನು ಕೆಟ್ಟದ್ದಿಲ್ಲ. ಹೊಣೆಯನ್ನೇ ಹಂಚಹೊರಟವನು ಉಳಿದದ್ದಿಲ್ಲ. ಆಕೆಯನ್ನು ನೇಮಿಸಿಕೊಳ್ಳಿ, ಕಕ್ಷಿದಾರರಿಗೆ ಆ ವಿಷಯವನ್ನು ಮುಂಚಿತವಾಗಿ ತಿಳಿಸಿ. ಸಂಬಳವನ್ನು ತಿಂಗಳ ಮೊದಲ ವಾರದಲ್ಲಿಯೇ ಕಳುಹಿಸಿ, ಕಚೇರಿಯ ಪತ್ರಗಳಲ್ಲಿ ಆಕೆಯ ಹೆಸರನ್ನು ಕಾಣಿಸಿ. ಲಂಡನ್ನಿನ ಆ ಕೋಣೆಯಲ್ಲಿ ಬರೆಯುತ್ತಿದ್ದವನಂತೆ ಆಕೆ 'ಯಾರೂ ಅಲ್ಲ' ಎಂದಾಗಬಾರದು.