ಕರುಳಿನ ಕ್ಯಾನ್ಸರಿಗೆ ಜೋಡಿ ಔಷಧಗಳು: ಪ್ರಯೋಗಶಾಲೆಯ ಅಂಗಾಂಶದ ಸಾಕ್ಷ್ಯ

ಒಂದು ಔಷಧಕ್ಕೆ ಬಗ್ಗದ ರೋಗವನ್ನು ಎರಡು ಔಷಧಗಳಿಂದ ಬಗ್ಗಿಸಬಹುದೆಂಬ ವಿಚಾರ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಆದರೆ ಯಾವುದರೊಡನೆ ಯಾವುದನ್ನು ಕೂಡಿಸಬೇಕು, ಕೂಡಿಸಿದುದರ ಫಲವನ್ನು ರೋಗಿಯ ದೇಹದ ಹೊರಗೆ ಅರಿಯಬಹುದೆ ಎಂಬ ಪ್ರಶ್ನೆಗಳು ಬಹುಕಾಲ ಉಳಿದುಕೊಂಡವು. ದೊಡ್ಡಕರುಳಿನ ಕ್ಯಾನ್ಸರಿನ ವಿಷಯದಲ್ಲಿ ಇವುಗಳಿಗೆ ಉತ್ತರ ಹಂತಹಂತವಾಗಿ ದೊರೆತ ಬಗೆಯನ್ನು ಇಲ್ಲಿ ಪರಿಶೀಲಿಸಬಹುದು.

ದೇಹದಿಂದ ಬೇರ್ಪಡಿಸಿದ ಅಂಗಾಂಶವು ಗಾಜಿನಲ್ಲಿ ಬೆಳೆಯಬಲ್ಲುದೆಂದು 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ನರು ಕಪ್ಪೆಯ ಭ್ರೂಣದ ನರಾಂಗಾಂಶದಿಂದ ತೋರಿಸಿಕೊಟ್ಟರು. ವಿಷವಸ್ತುಗಳ ಜಂಟಿ ಪರಿಣಾಮವನ್ನು ಅಳೆಯುವ ಗಣಿತವನ್ನು 1939ರಲ್ಲಿ ಬ್ಲಿಸ್ ನಿರೂಪಿಸಿದರು. ಅದರಂತೆ, ಸ್ವತಂತ್ರವಾಗಿ ವರ್ತಿಸುವ ಎರಡು ಔಷಧಗಳು ಬೇರೆಬೇರೆಯಾಗಿ ನೂರರಲ್ಲಿ 50 ಕೋಶಗಳನ್ನು ಕೊಲ್ಲುವುದಾದರೆ, ಕೂಡಿದಾಗ 75ನ್ನು ಕೊಲ್ಲಬೇಕು. ಫಲ ಅದನ್ನು ಮೀರಿದಾಗ ಮಾತ್ರ ಅವು ಒಂದಕ್ಕೊಂದು ಬಲ ಕೊಟ್ಟವೆನ್ನಬಹುದು. 1957ರಲ್ಲಿ ಹೈಡೆಲ್‌ಬರ್ಗರರು ಪ್ರಕಟಿಸಿದ 5-ಫ್ಲೋರೋಯುರಾಸಿಲ್ ಕರುಳಿನ ಕ್ಯಾನ್ಸರಿಗೆ ಮೂಲ ಔಷಧವಾಯಿತು. 1964ರಲ್ಲಿ ಫೋಗ್ ಅವರು ಒಬ್ಬ ರೋಗಿಯ ಗಂತಿಯಿಂದ ಎಚ್‌ಟಿ-29 ಎಂಬ ಕೋಶಪರಂಪರೆಯನ್ನು ಬೆಳೆಸಿದಾಗ ಪರೀಕ್ಷೆಗೆ ಬೇಕಾದ ಸಾಧನವೂ ಒದಗಿತು.

ಇಂಥ ಸಾಧನದ ಸಾರ್ಥಕತೆ 2012ರಲ್ಲಿ ವ್ಯಕ್ತವಾಯಿತು. ಚರ್ಮದ ಮೆಲನೋಮಾದಲ್ಲಿ ಬಿ-ರಾಫ್ ಜೀನಿನ ವಿಕೃತಿಯನ್ನು ತಡೆಯುವ ವೆಮುರಾಫೆನಿಬ್ ಗಂತಿಗಳನ್ನು ಕುಗ್ಗಿಸಿತ್ತು. ಅದೇ ವಿಕೃತಿಯುಳ್ಳ ಕರುಳಿನ ಗಂತಿಗಳಲ್ಲಿ ಬಹುಮಟ್ಟಿಗೆ ನಿಷ್ಫಲವಾಗಿತ್ತು. ಆಮ್‌ಸ್ಟರ್‌ಡಾಮಿನಲ್ಲಿ ಬರ್ನಾರ್ಡ್ಸರ ತಂಡದವರು ಕೃಷಿಕೋಶಗಳಲ್ಲಿ ಒಂದೊಂದೇ ಜೀನನ್ನು ಅಡಗಿಸುತ್ತ ಹೋಗಿ ಕಾರಣವನ್ನು ಹಿಡಿದರು: ಬಿ-ರಾಫನ್ನು ತಡೆದೊಡನೆ ಇಜಿಎಫ್ ಗ್ರಾಹಕವು ಎಚ್ಚೆತ್ತು ಬೆಳವಣಿಗೆಯ ಆಜ್ಞೆಯನ್ನು ಬೇರೆ ದಾರಿಯಿಂದ ಕಳಿಸುತ್ತಿತ್ತು. ಎರಡು ದಾರಿಗಳನ್ನೂ ಮುಚ್ಚಿದಾಗ ಕೋಶಗಳು ಸೋತವು. ಈ ಸೂತ್ರದ ಮೇಲೆ ನಡೆದ ರೋಗಿಗಳ ಪರೀಕ್ಷೆಯ ಫಲ 2019ರಲ್ಲಿ ಹೊರಬಿತ್ತು. ಎನ್ಕೊರಾಫೆನಿಬ್ ಮತ್ತು ಸೆಟುಕ್ಸಿಮ್ಯಾಬ್ ಪಡೆದವರ ಮಧ್ಯಮ ಆಯುಸ್ಸು 8.4 ತಿಂಗಳು, ಹಳೆಯ ಚಿಕಿತ್ಸೆಯವರದು 5.4 ತಿಂಗಳು. ಅಂತರ ಕಿರಿದೆನಿಸಬಹುದು; ರೋಗಿಯ ಮನೆಯವರಿಗೆ ಅದು ಕಿರಿದಲ್ಲ.

ಆದರೆ ತಟ್ಟೆಯ ತಳದಲ್ಲಿ ಹರಡಿಕೊಂಡ ಕೋಶಪರಂಪರೆ ಕರುಳಿನ ರಚನೆಯನ್ನು ಹೋಲುವುದಿಲ್ಲ. 2009ರಲ್ಲಿ ನೆದರ್ಲೆಂಡ್ಸಿನ ಸಾಟೊ ಮತ್ತು ಕ್ಲೆವರ್ಸ್ ಇಲಿಯ ಕರುಳಿನ ಒಂದೇ ಕಾಂಡಕೋಶದಿಂದ ಸೂಕ್ಷ್ಮ ಕರುಳನ್ನೇ ಬೆಳೆಸಿ ಈ ಕೊರತೆಯನ್ನು ಬಹುಭಾಗ ನೀಗಿದರು. ಆರ್ಗನಾಯ್ಡ್ ಎಂಬ ಈ ಮಾದರಿಯನ್ನು 2011ರಲ್ಲಿ ಮಾನವನ ಕರುಳಿನ ಕ್ಯಾನ್ಸರಿನಿಂದಲೂ ಪಡೆಯಲಾಯಿತು. 2015ರಲ್ಲಿ 20 ರೋಗಿಗಳ ಗಂತಿಗಳ ಸಂಗ್ರಹವೇ ಸಿದ್ಧವಾಯಿತು. 2016ರ ಪ್ರಯೋಗವೊಂದರಲ್ಲಿ, ರಾಸ್ ಜೀನು ವಿಕೃತವಾದ ಆರ್ಗನಾಯ್ಡುಗಳ ಮೇಲೆ ಇಜಿಎಫ್ ಗ್ರಾಹಕ ಮತ್ತು ಮೆಕ್ ಕಿಣ್ವ ಎರಡನ್ನೂ ತಡೆಯುವ ಜೋಡಿಯನ್ನು ಪ್ರಯೋಗಿಸಲಾಯಿತು. ಕೋಶವಿಭಜನೆ ನಿಂತಿತು, ಆದರೆ ಕೋಶಗಳು ಸಾಯಲಿಲ್ಲ. ಬೆಳವಣಿಗೆ ನಿಂತುದನ್ನು ರೋಗ ನಾಶವಾದುದೆಂದು ಎಣಿಸಲಾಗದೆಂಬ ಪಾಠ ಇಲ್ಲಿ ದೊರೆಯಿತು.

2019ರ ಮತ್ತೊಂದು ಅಧ್ಯಯನ ಮಾದರಿಯ ಎಲ್ಲೆಯನ್ನೂ ತೋರಿಸಿತು. ರೋಗಿಯ ಆರ್ಗನಾಯ್ಡುಗಳು ಇರಿನೊಟೆಕಾನ್ ಚಿಕಿತ್ಸೆಯ ಫಲವನ್ನು ಬಹುಮಟ್ಟಿಗೆ ಮುಂಗಂಡವು. 5-ಫ್ಲೋರೋಯುರಾಸಿಲ್ ಮತ್ತು ಆಕ್ಸಾಲಿಪ್ಲಾಟಿನ್ ಜೋಡಿಯ ಫಲವನ್ನು ಮುಂಗಾಣಲಾರದೆ ಹೋದವು. ಬರಿಯ ಗಂತಿಕೋಶಗಳಿಂದಾದ ಆರ್ಗನಾಯ್ಡಿನಲ್ಲಿ ರಕ್ತನಾಳವಿಲ್ಲ, ರೋಗರಕ್ಷಕ ಕೋಶಗಳಿಲ್ಲ, ಔಷಧವನ್ನು ಮಾರ್ಪಡಿಸುವ ಯಕೃತ್ತಿಲ್ಲ. ಆದುದರಿಂದ ಅದು ತನ್ನಲ್ಲಿರುವುದರ ಬಗೆಗಷ್ಟೇ ಸಾಕ್ಷಿ ನುಡಿಯಬಲ್ಲುದು. ಆ ಸಾಕ್ಷಿಯನ್ನು ಅಲಕ್ಷಿಸುವುದು ಎಷ್ಟು ತಪ್ಪೋ, ಅದನ್ನೇ ತೀರ್ಪೆಂದು ಭಾವಿಸುವುದೂ ಅಷ್ಟೇ ತಪ್ಪು.