ಕಾಮೆಂಟ್ ಸ್ಪ್ಯಾಮ್: ತಡೆಯುವ ತಂತ್ರಗಳು ಬೆಳೆದುಬಂದ ಬಗೆ

ಲೇಖನದ ಕೆಳಗೆ ಓದುಗರಿಗೆಂದು ಬಿಟ್ಟ ಜಾಗದಲ್ಲಿ ಸಂಬಂಧವಿಲ್ಲದ ಕೊಂಡಿಗಳನ್ನು ತಂದು ಸುರಿಯುವುದೇ ಕಾಮೆಂಟ್ ಸ್ಪ್ಯಾಮ್. ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿ ಊಟಿ ಸೇರುವ ದಾರಿಯ ಬಗ್ಗೆ ಯಾರೋ ಬರೆದಿರುತ್ತಾರೆ. ಅದರ ಕೆಳಗೆ ‘ಬಹಳ ಉಪಯುಕ್ತ ಮಾಹಿತಿ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು, ಬರೆದವರ ಹೆಸರನ್ನು ಒತ್ತಿದರೆ ಆನ್‌ಲೈನ್ ಜೂಜಿನ ತಾಣ. ಹೊಗಳಿಕೆ ಯಾವ ಲೇಖನಕ್ಕಾದರೂ ಹೊಂದುವಂತಿರುತ್ತದೆ, ಏಕೆಂದರೆ ಅದನ್ನು ಹಾಕಿದ ಪ್ರೋಗ್ರಾಂ ಯಾವ ಲೇಖನವನ್ನೂ ಓದಿರುವುದಿಲ್ಲ.

ಸ್ಪ್ಯಾಮ್ ಎಂಬ ಪಿಡುಗು ಬ್ಲಾಗಿಗಿಂತ ಹಳೆಯದು. 1978ರ ಮೇ ತಿಂಗಳಲ್ಲಿ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಕಂಪ್ಯೂಟರ್ ಮಾರಾಟದ ಸಂದೇಶ ಕಳಿಸಿದ್ದನ್ನು ಮೊದಲ ಉದಾಹರಣೆ ಎನ್ನುತ್ತಾರೆ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಚರ್ಚಾಜಾಲವಾದ ಯೂಸ್‌ನೆಟ್‌ನ ಸಾವಿರಾರು ಗುಂಪುಗಳಿಗೆ ಹಾಕಿದರು. ಇವೆರಡೂ ಮನುಷ್ಯರು ಓದಲಿ ಎಂದು ಕಳಿಸಿದವು. ಕಾಮೆಂಟ್ ಸ್ಪ್ಯಾಮಿನ ಗುರಿಯೇ ಬೇರೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಪ್ರಕಟಿಸಿದ, ಗೂಗಲ್ ಹುಡುಕಾಟಕ್ಕೆ ಬುನಾದಿಯಾದ ಪೇಜ್‌ರ್ಯಾಂಕ್ ವಿಧಾನ ಒಂದು ಪುಟಕ್ಕೆ ಬೇರೆ ಪುಟಗಳಿಂದ ಬಂದ ಕೊಂಡಿಗಳನ್ನು ಶಿಫಾರಸುಗಳಂತೆ ಲೆಕ್ಕಕ್ಕೆ ತೆಗೆದುಕೊಂಡಿತು. ಯಾರು ಬೇಕಾದರೂ ಬರೆಯಬಹುದಾದ ಪ್ರತಿ ಪೆಟ್ಟಿಗೆಯೂ ಅಂದಿನಿಂದ ಪುಕ್ಕಟೆ ಶಿಫಾರಸು ದೊರೆಯುವ ಜಾಗವಾಯಿತು. ಮೊದಲು ಕೆಟ್ಟದ್ದು ಗೆಸ್ಟ್‌ಬುಕ್ ಪುಟಗಳು. ಬ್ಲಾಗ್ ತಂತ್ರಾಂಶಗಳಾದ ಮೂವಬಲ್ ಟೈಪ್ (2001) ಮತ್ತು ವರ್ಡ್‌ಪ್ರೆಸ್ (2003) ಬಂದ ಮೇಲೆ ಒಂದೇ ಅಚ್ಚಿನ ಲಕ್ಷಾಂತರ ಕಾಮೆಂಟ್ ಫಾರ್ಮುಗಳು ಹುಟ್ಟಿದವು. ಒಂದಕ್ಕೆ ಬರೆದ ಪ್ರೋಗ್ರಾಂ ಎಲ್ಲದಕ್ಕೂ ನಡೆಯಿತು. ಬ್ಲಾಗುಗಳು ಪರಸ್ಪರ ಸುದ್ದಿ ಮುಟ್ಟಿಸಲೆಂದು ತಂದ ಟ್ರ್ಯಾಕ್‌ಬ್ಯಾಕ್ ಸೌಲಭ್ಯವಂತೂ ಸ್ಪ್ಯಾಮಿನ ಹೊಡೆತಕ್ಕೇ ಮೂಲೆ ಸೇರಿತು.

ಮೊದಲ ತಡೆ ಎಂದರೆ ಪಟ್ಟಿ. 2003ರಲ್ಲಿ ಜೇ ಅಲೆನ್ ಮೂವಬಲ್ ಟೈಪ್‌ಗಾಗಿ ಎಂಟಿ ಬ್ಲ್ಯಾಕ್‌ಲಿಸ್ಟ್ ಎಂಬ ಪ್ಲಗಿನ್ ಬರೆದರು. ಔಷಧ, ಜೂಜು, ಅಶ್ಲೀಲ ತಾಣಗಳ ವಿಳಾಸಗಳನ್ನು ಅದರಲ್ಲಿ ಕೂಡಿಹಾಕಿ ಹಂಚಿಕೊಳ್ಳಲಾಗುತ್ತಿತ್ತು. ಪಟ್ಟಿ ಯಾವಾಗಲೂ ಒಂದು ಹೆಜ್ಜೆ ಹಿಂದೆ. ಹೊಸ ಡೊಮೈನ್ ಕೊಳ್ಳುವ ಖರ್ಚು ಅಲ್ಪ, ಪಟ್ಟಿ ತಿದ್ದುವ ದುಡಿಮೆ ಅಪಾರ.

2005ರ ಜನವರಿಯಲ್ಲಿ ಗೂಗಲ್ ಬೇರೆ ದಾರಿ ಹಿಡಿಯಿತು. ಕೊಂಡಿಗೆ ‘ನೋಫಾಲೋ’ ಎಂಬ ಗುರುತು ಹಾಕಿದರೆ ಅದನ್ನು ಶಿಫಾರಸೆಂದು ಎಣಿಸುವುದಿಲ್ಲ ಎಂದು ಸಾರಿತು. ಯಾಹೂ, ಎಂಎಸ್‌ಎನ್ ಜೊತೆಗೂಡಿದವು. ಬ್ಲಾಗ್ ತಂತ್ರಾಂಶಗಳು ಎಲ್ಲ ಕಾಮೆಂಟ್‌ಗಳಿಗೂ ಆ ಗುರುತು ಅಂಟಿಸಿದವು. ಲಾಭ ಇಲ್ಲವಾದರೆ ಸ್ಪ್ಯಾಮ್ ನಿಲ್ಲುತ್ತದೆ ಎಂಬುದು ನಿರೀಕ್ಷೆ. ನಿಲ್ಲಲಿಲ್ಲ. ಒಂದು ಕಾಮೆಂಟ್ ಹಾಕುವ ಖರ್ಚು ಹೆಚ್ಚುಕಡಿಮೆ ಸೊನ್ನೆಯಾಗಿರುವಾಗ ಯಾವ ಪುಟದಲ್ಲಿ ಲಾಭವಿದೆ, ಯಾವುದರಲ್ಲಿಲ್ಲ ಎಂದು ಆರಿಸುವ ಕಷ್ಟವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ನೋಫಾಲೋದಿಂದ ಗೂಗಲ್‌ನ ಫಲಿತಾಂಶ ಸ್ವಲ್ಪ ಶುದ್ಧವಾಗಿರಬಹುದು, ಬ್ಲಾಗಿಗನ ಅಂಗಳವಂತೂ ಆಗಲಿಲ್ಲ.

ಹೆಚ್ಚು ಫಲ ಕೊಟ್ಟದ್ದು ಸಂಖ್ಯಾಶಾಸ್ತ್ರ. ಪಾಲ್ ಗ್ರಹಾಂ 2002ರಲ್ಲಿ ಬರೆದ ಪ್ರಬಂಧವೊಂದು ಇಮೇಲ್ ಸೋಸಲು ಬೇಯ್ಸ್ ಸೂತ್ರವನ್ನು ಬಳಸುವ ವಿಧಾನಕ್ಕೆ ಪ್ರಚಾರ ಕೊಟ್ಟಿತು: ಒಂದು ಪದ ಸ್ಪ್ಯಾಮಿನಲ್ಲಿ ಎಷ್ಟು ಬಾರಿ, ಒಳ್ಳೆಯ ಪತ್ರದಲ್ಲಿ ಎಷ್ಟು ಬಾರಿ ಬಂದಿದೆ ಎಂಬ ಲೆಕ್ಕದಿಂದ ಹೊಸ ಪತ್ರದ ಹಣೆಬರಹ ನಿರ್ಧಾರವಾಗುತ್ತದೆ. 2005ರ ಅಕ್ಟೋಬರ್‌ನಲ್ಲಿ ಮ್ಯಾಟ್ ಮಲೆನ್‌ವೆಗ್ ಹೊರತಂದ ಅಕಿಸ್ಮೆಟ್ ಸೋಸುವ ಕೆಲಸವನ್ನು ಒಬ್ಬೊಬ್ಬರ ಬ್ಲಾಗಿನಿಂದ ತೆಗೆದು ಒಂದು ಕೇಂದ್ರಕ್ಕೆ ಒಯ್ದಿತು. ಕಾಮೆಂಟ್ ಬಂದೊಡನೆ ಅದರ ಪಠ್ಯ, ಐಪಿ ವಿಳಾಸ, ಬ್ರೌಸರ್ ವಿವರ ಅಲ್ಲಿಗೆ ಹೋಗುತ್ತವೆ. ಬೇರೆ ಬ್ಲಾಗಿಗರು ಇಂಥದ್ದನ್ನೇ ಸ್ಪ್ಯಾಮ್ ಎಂದು ಗುರುತಿಸಿದ್ದರೆ ತೀರ್ಪು ಕೂಡಲೇ ಬರುತ್ತದೆ. ಡ್ರೂಪಲ್ ತಂತ್ರಾಂಶದ ತಾಣಗಳಿಗೆ ಇದೇ ಕೆಲಸ ಮಾಡುತ್ತಿದ್ದ ಮೋಲಮ್ 2018ರಲ್ಲಿ ಮುಚ್ಚಿತು. ಓದುಗರ ಮಾತೆಲ್ಲ ಮೂರನೆಯವರ ಸರ್ವರಿಗೆ ಹೋಗುತ್ತದೆಂಬ ಆಕ್ಷೇಪ ಈ ಬಗೆಯ ಸೇವೆಗಳ ಬೆನ್ನಿಗೆ ಮೊದಲಿನಿಂದಲೂ ಇದೆ.

ಇನ್ನೊಂದು ಕವಲು ಬರೆಯುವವನನ್ನೇ ಪರೀಕ್ಷಿಸಿತು. ಸೊಟ್ಟ ಅಕ್ಷರ ಓದಿಸುವ ಕ್ಯಾಪ್ಚಾ 1990ರ ದಶಕದ ಕೊನೆಯಲ್ಲಿ ಆಲ್ಟವಿಸ್ಟಾ ಹುಡುಕುತಾಣದಲ್ಲಿ ಬಳಕೆಗೆ ಬಂತು. ಲೂಯಿಸ್ ಫಾನ್ ಆನ್ 2007ರಲ್ಲಿ ಆರಂಭಿಸಿದ ರೀಕ್ಯಾಪ್ಚಾ ಅದೇ ಶ್ರಮವನ್ನು ಹಳೆಯ ಪತ್ರಿಕೆ, ಪುಸ್ತಕಗಳ ಅಕ್ಷರ ಗುರುತಿಸಲು ತೊಡಗಿಸಿತು. 2009ರಲ್ಲಿ ಗೂಗಲ್ ಅದನ್ನು ಕೊಂಡಿತು. ಯಂತ್ರ ಸೋತಲ್ಲಿ ಸ್ಪ್ಯಾಮರ್‌ಗಳು ಮನುಷ್ಯರನ್ನು ಕೂರಿಸಿದರು, ಭಾರತದಲ್ಲಿಯೂ. ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಈ ದಂಧೆಯನ್ನು ಅಳೆದಾಗ ಸಾವಿರ ಕ್ಯಾಪ್ಚಾ ಬಿಡಿಸುವ ದರ ಒಂದು ಡಾಲರಿನ ಆಸುಪಾಸಿನಲ್ಲಿತ್ತು. ಕೂತು ಬಿಡಿಸುವವರು ಯಾವ ಸೀಮೆಯವರು ಎಂದು ತಿಳಿಯಲು ಸಂಶೋಧಕರು ಬೇರೆ ಬೇರೆ ಭಾಷೆಗಳಲ್ಲಿ ಕ್ಯಾಪ್ಚಾ ತಯಾರಿಸಿ ಕೊಟ್ಟರು. ಅದರಲ್ಲಿ ತಮಿಳೂ ಇತ್ತು, ಕನ್ನಡವೂ ಇತ್ತು.

ಕನ್ನಡದ ತಾಣಗಳಿಗೆ ಈ ಇತಿಹಾಸ ಬೇರೆಯೇ ರೀತಿಯಲ್ಲಿ ತಟ್ಟಿತು. ಹರಿಪ್ರಸಾದ್ ನಾಡಿಗ್ 2005ರಲ್ಲಿ ಡ್ರೂಪಲ್ ಮೇಲೆ ಕಟ್ಟಿದ ‘ಸಂಪದ’ದಂಥ ತಾಣಗಳೂ ಆ ಹೊತ್ತಿನ ಬ್ಲಾಗುಗಳೂ ಬೆಳೆದದ್ದು ಯೂನಿಕೋಡ್ ಕನ್ನಡದಲ್ಲಿ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದದ್ದು 128 ಸ್ಥಾನಗಳ ಒಂದು ತುಂಡು. ಬಂದ ಪ್ರತಿಕ್ರಿಯೆಯಲ್ಲಿ ಆ ತುಂಡಿನ ಒಂದು ಅಕ್ಷರವೂ ಇಲ್ಲದಿದ್ದರೆ ತಡೆಹಿಡಿ ಎಂಬ ಎರಡು ಸಾಲಿನ ನಿಯಮ ಬಹುಪಾಲು ಕಸವನ್ನು ಗುಡಿಸಿಬಿಡಬಲ್ಲದಾಗಿತ್ತು, ಏಕೆಂದರೆ ಸ್ಪ್ಯಾಮರ್‌ಗೆ ಕನ್ನಡ ಬರುತ್ತಿರಲಿಲ್ಲ. ಸಣ್ಣ ಭಾಷೆಗೆ ಸಿಕ್ಕಿದ ಅಪರೂಪದ ಅನುಕೂಲ ಇದು. ಅನನುಕೂಲವೂ ಉಂಟು. ನೋಡುವವರ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳನ್ನು ಪದದ ನಡುವೆ ಸೇರಿಸಿ ಸೋಸಕದ ಕಣ್ತಪ್ಪಿಸುವುದು ಸ್ಪ್ಯಾಮರ್‌ಗಳ ಹಳೆಯ ಚಾಳಿ. ಹಾಗಾಗಿ ಕೆಲವು ತಂತ್ರಾಂಶಗಳು ಅವನ್ನು ಕಂಡಲ್ಲೆಲ್ಲ ಕಿತ್ತುಹಾಕುತ್ತವೆ. ಆದರೆ ಕನ್ನಡಕ್ಕೆ ಅವು ಬೇಕು: ‘ಸಾಫ್ಟ್‌ವೇರ್’ ಎಂಬಲ್ಲಿ ಅಂಥ ಅಕ್ಷರವನ್ನು ಕಿತ್ತರೆ ವಕಾರ ಒತ್ತಕ್ಷರವಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗುತ್ತದೆ. ನಿರಪರಾಧಿ ಪದಕ್ಕೆ ಆದ ಈ ಶಿಕ್ಷೆ ಇಂಗ್ಲಿಷಿಗಾಗಿ ಬರೆದ ಸೋಸಕದ ಕಣ್ಣಿಗೆ ಬೀಳುವುದೇ ಇಲ್ಲ.

ನೀಲಗಿರಿಯಂಥ ಜಿಲ್ಲೆಯಲ್ಲಿ ಲಿಪಿ ನೋಡಿ ಸೋಸುವ ಉಪಾಯ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಗೂಡಲೂರಿನಲ್ಲಿ ತಮಿಳು, ಮಲಯಾಳ, ಕನ್ನಡ ಒಂದೇ ಪೇಟೆಯ ಮಾತುಗಳು. 2011ರ ಜನಗಣತಿ ಕನ್ನಡದ ಅಡಿಯಲ್ಲಿ ಸೇರಿಸಿದ, ಈ ಬೆಟ್ಟಗಳ ಬಡಗ ಮಾತನ್ನು ಸುಮಾರು 1.33 ಲಕ್ಷ ಮಂದಿ ತಮ್ಮ ತಾಯ್ನುಡಿ ಎಂದು ಬರೆಸಿದ್ದಾರೆ. ಅದನ್ನು ತಮಿಳು, ಕನ್ನಡ, ರೋಮನ್ ಮೂರು ಲಿಪಿಗಳಲ್ಲೂ ಬರೆಯುವುದುಂಟು. ಮೊಬೈಲಿನಲ್ಲಿ ರೋಮನ್ ಅಕ್ಷರದಲ್ಲಿ ಬರೆದ ಬಡಗ ಸಾಲು ಇಂಗ್ಲಿಷ್ ಕಲಿತ ಸೋಸಕಕ್ಕೆ ಅರ್ಥವಿಲ್ಲದ ಅಕ್ಷರಗಳ ಕಂತೆ. ಅಂಥ ಕಂತೆ ಸ್ಪ್ಯಾಮಿನ ಲಕ್ಷಣಗಳಲ್ಲೊಂದು. ಅಲ್ಲಿನ ತಾಣ ನಡೆಸುವವರು ಲಿಪಿಯನ್ನು ಬಿಟ್ಟು ಕೊಂಡಿಗಳ ಸಂಖ್ಯೆಯನ್ನು ನೋಡುವುದೇ ಲೇಸು: ಹಟ್ಟಿಯ ಹಬ್ಬದ ಚಿತ್ರ ನೋಡಿ ಎರಡು ಮಾತು ಬರೆಯುವ ನೆಂಟರು ಅದರಲ್ಲಿ ನಾಲ್ಕು ಕೊಂಡಿ ಹಾಕುವುದಿಲ್ಲ.

ಮಾತನ್ನು ಬಿಟ್ಟು ನಡೆಯನ್ನು ನೋಡುವ ವಿಧಾನಗಳು ಮುಂದೆ ಬಂದದ್ದು ಈ ಕಾರಣಕ್ಕೇ ಸ್ವಾಗತಾರ್ಹ. ಫಾರ್ಮಿನಲ್ಲಿ ಮನುಷ್ಯರಿಗೆ ಕಾಣದ ಒಂದು ಖಾನೆ ಇಡುತ್ತಾರೆ. ಸಿಕ್ಕ ಖಾನೆಯನ್ನೆಲ್ಲ ತುಂಬುವ ಪ್ರೋಗ್ರಾಂ ಅದನ್ನೂ ತುಂಬಿ ಸಿಕ್ಕಿಬೀಳುತ್ತದೆ. ಪುಟ ತೆರೆದ ಎರಡು ಸೆಕೆಂಡಿನಲ್ಲಿ ಬಂದ ದೀರ್ಘ ಕಾಮೆಂಟನ್ನು ನಂಬುವುದಿಲ್ಲ. 2014ರಲ್ಲಿ ರೀಕ್ಯಾಪ್ಚಾ ‘ನಾನು ರೋಬಾಟ್ ಅಲ್ಲ’ ಎಂಬ ಚೌಕಕ್ಕೆ ಇಳಿಯಿತು. 2018ರ ಮೂರನೇ ಆವೃತ್ತಿ ಏನನ್ನೂ ಕೇಳದೆ ನಡವಳಿಕೆಗೆ ಅಂಕ ಕೊಡತೊಡಗಿತು. ಇತ್ತ ಗೂಗಲ್ 2012ರ ಏಪ್ರಿಲ್‌ನ ಪೆಂಗ್ವಿನ್ ಬದಲಾವಣೆಯಿಂದ ಕೃತಕ ಕೊಂಡಿಗಳನ್ನು ನೆಚ್ಚಿದ ತಾಣಗಳನ್ನು ಕೆಳಕ್ಕೆ ತಳ್ಳಿತು. ತಾವೇ ಹಣ ಕೊಟ್ಟು ಹಾಕಿಸಿದ ಕೊಂಡಿಗಳನ್ನು ತೆಗೆದುಹಾಕಿ ಎಂದು ಬೇಡುವ ಪತ್ರಗಳು ಬ್ಲಾಗಿಗರಿಗೆ ಬರತೊಡಗಿದ್ದು ಈ ಕಥೆಯ ತಮಾಷೆಯ ಭಾಗ.

ಕಾನೂನಿನ ಪಾಲು ಚಿಕ್ಕದು. ಅಮೆರಿಕದ 2003ರ ಕ್ಯಾನ್‌ಸ್ಪ್ಯಾಮ್ ಕಾಯ್ದೆ ಇಮೇಲ್ ಕುರಿತದ್ದು. ಭಾರತದಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮಾವಳಿ ದೂರವಾಣಿ ಕರೆ, ಎಸ್‌ಎಂಎಸ್‌ಗಳಿಗೆ ಸೀಮಿತ. ಕಿರಿಕಿರಿಯ ಸಂದೇಶಗಳ ಪ್ರಸ್ತಾಪವಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದುಮಾಡಿತು. ಅದು ರದ್ದಾದದ್ದು ವಾಕ್‌ಸ್ವಾತಂತ್ರ್ಯದ ಪ್ರಶ್ನೆಯ ಮೇಲೆ, ಸ್ಪ್ಯಾಮಿನ ಮೇಲಲ್ಲ.

ದೊಡ್ಡ ಭಾಷಾ ಮಾದರಿಗಳು ಬಂದ ಮೇಲೆ ಕನ್ನಡದ ಅನುಕೂಲ ಕರಗುತ್ತಿದೆ. ಲೇಖನವನ್ನು ಓದಿ, ಅದರ ಒಂದು ವಿವರವನ್ನು ಎತ್ತಿಕೊಂಡು, ತಪ್ಪಿಲ್ಲದ ಕನ್ನಡದಲ್ಲಿ ಮೆಚ್ಚಿ ಬರೆದು ಕೊನೆಗೆ ಕೊಂಡಿ ಸೇರಿಸುವುದು ಈಗ ಯಂತ್ರಕ್ಕೆ ಸಾಧ್ಯ. ಪದಗಳ ಲೆಕ್ಕದ ಸೋಸಕಕ್ಕೆ ಅದರಲ್ಲಿ ಹಿಡಿಯಲು ಏನೂ ಸಿಗದು. ಅನೇಕ ತಾಣಗಳು ಕಾಮೆಂಟ್ ಪೆಟ್ಟಿಗೆಯನ್ನೇ ಮುಚ್ಚಿ ಚರ್ಚೆಯನ್ನು ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗೆ ಬಿಟ್ಟುಕೊಟ್ಟಿವೆ. ಉಳಿಸಿಕೊಂಡವರ ಕೈಯಲ್ಲಿರುವುದು ವರ್ಡ್‌ಪ್ರೆಸ್‌ನ ಎರಡು ಹಳೆಯ ಆಯ್ಕೆಗಳು. 14 ದಿನ ಕಳೆದ ಲೇಖನಗಳಿಗೆ ಪ್ರತಿಕ್ರಿಯೆ ನಿಲ್ಲಿಸುವುದು ಒಂದು. ಹಳೆಯ ಪುಟಗಳಿಗೇ ಸ್ಪ್ಯಾಮ್ ಮುತ್ತುವುದರಿಂದ ಇದು ಫಲಕಾರಿ, ಆದರೆ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯ ಬಗ್ಗೆ 2018ರಲ್ಲಿ ಬರೆದ ಪುಟಕ್ಕೆ ಮುಂದಿನ ಹೂವಿನ ಹೊತ್ತಿಗೆ ಬರುವ ಓದುಗರನ್ನೂ ಇದು ಹೊರಗೇ ನಿಲ್ಲಿಸುತ್ತದೆ. ಒಬ್ಬರ ಮೊದಲ ಪ್ರತಿಕ್ರಿಯೆಯನ್ನು ತಾಣದವರು ನೋಡಿ ಒಪ್ಪಿದ ಮೇಲಷ್ಟೇ ಮುಂದಿನವು ನೇರವಾಗಿ ಪ್ರಕಟವಾಗುವಂತೆ ಮಾಡುವುದು ಇನ್ನೊಂದು. ದಿನಕ್ಕೆ ಹತ್ತಾರು ಪ್ರತಿಕ್ರಿಯೆ ಬರುವ ಸಣ್ಣ ತಾಣಗಳಿಗೆ ಇದೇ ಸಾಕು.